ಸಪೂರ ಗೆರೆ

ಬಸಿರಿನ ಪರೀಕ್ಷೆಗೆ ಇದು ತಿರುವುಮುರುವು:
ಎರಡು ಗೆರೆ ಮೂಡಿದರೆ ಇಲ್ಲ,
ಒಂದೇ ನಿಂತರೆ ಉಂಟು.
ದೇರಳಕಟ್ಟೆಯ ಈ ಲ್ಯಾಬಿನಲ್ಲಿ ಹನ್ನೊಂದು ವರ್ಷ
ಎರಡನ್ನೂ ಓದುತ್ತ ಬಂದವಳು ನಾನು.
ಈಗಲೂ ಒಮ್ಮೊಮ್ಮೆ ಕೈ ತಡೆಯುತ್ತದೆ,
ಯಾವುದಕ್ಕೆ ಯಾರು ಅಳಬೇಕೆಂದು.

ಬೆಳಿಗ್ಗೆ ಜೀಪು, ಅದರ ಹಿಂದೆ ಕಾಲೇಜಿನ ಮಿನಿಬಸ್ಸು.
ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಡಬ್ಬಿ.
ಕೆಲವರಿಗೆ ಬರುವುದೇ ಇಲ್ಲ,
ಪಕ್ಕದ ನಲ್ಲಿ ಬಿಟ್ಟು ಸದ್ದು ಕೇಳಿಸಬೇಕು.
ಒಬ್ಬ ನೀರು ಬೆರೆಸಿ ತಂದ. ಡಬ್ಬಿ ತಣ್ಣಗಿತ್ತು.
"ಮಗಾ, ಅದು ಬಿಸಿ ಇರ್ತದೆ, ಇನ್ನೊಮ್ಮೆ ಹೋಗು" ಅಂದೆ.
ಎಲ್ಲರೂ ನಕ್ಕರು, ಪೇದೆ ಕೂಡ.
ಹಾಗೆ ನಗುವಾಗಲೇ ತಿಳಿಯುವುದು
ಹತ್ತೊಂಬತ್ತು ಅಂದರೆ ಎಷ್ಟು ಕಡಿಮೆ ವಯಸ್ಸೆಂದು.

ಕಾಯುವ ಬೆಂಚಿನಲ್ಲಿ ಚರ್ಚೆ.
"ಕೆನಡಾದಲ್ಲಿ ಅಂಗಡಿಯಲ್ಲೇ ಸಿಗ್ತದೆ, ರಸೀದಿ ಕೊಡ್ತಾರೆ"
ಎಂದ ಲ್ಯಾನ್ಸನ್.
"ಇಲ್ಲಿಯೂ ಕೊಡ್ತಾರೆ ಮಾರಾಯ, ಎಫ್‌ಐಆರ್ ಅಂತ ಹೆಸರು."
"ಕಾಶಿಯಲ್ಲಿ ಭಂಗಿಗೆ ಲೈಸೆನ್ಸ್ ಉಂಟು, ಗೊತ್ತುಂಟಾ?"
ನುಸೈಬಾ ಮೊಬೈಲಿನಿಂದ ತಲೆ ಎತ್ತಲಿಲ್ಲ:
"ಹೋದ ವರ್ಷ ಅನೂಪ ಹಾಸ್ಟೆಲಿನ ಗೋಡೆಯ ಹತ್ತಿರ
ಮಾತಾಡ್ತಾ ಕೂತದ್ದು ಮರೆತುಹೋಯ್ತಾ?
ಗೋಡೆ ಉತ್ತರ ಕೊಡ್ತದೆ ಅಂತಿದ್ದ."
ಆಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಕಾನೂನಿನ ಬಗ್ಗೆ ಪೇದೆಯೂ ಏನೋ ಹೇಳಿದ.
ಬಾಯಲ್ಲಿ ಗುಟ್ಕಾ ಇದ್ದದ್ದರಿಂದ
ಅರ್ಧವೇ ಕೇಳಿಸಿತು.

ನನ್ನ ಅಪ್ಪ ಕುಡಿದದ್ದೆಲ್ಲ ತೆರಿಗೆ ಕಟ್ಟಿದ ಬಾಟಲಿ.
ತೊಕ್ಕೊಟ್ಟಿನ ಬಾರಿನ ಬಾಗಿಲಲ್ಲಿ ಲೈಸೆನ್ಸಿನ ನಂಬರು
ದುಂಡಗೆ ಬರೆದಿತ್ತು.
ಅವನ ಲಿವರಿನ ರಿಪೋರ್ಟು ಟೈಪು ಮಾಡಿದವಳು ನಾನೇ.
ಅಜ್ಜಿಯೋ, ಕರು ಭೇದಿಯಿಂದ ಸೊರಗಿದರೆ
ಹಟ್ಟಿಯ ಹಿಂದಿನ ಗಿಡದಿಂದ ನಾಲ್ಕೆಲೆ ಕಿತ್ತು
ಬೆಲ್ಲದಲ್ಲಿ ಅರೆದು ನೆಕ್ಕಿಸುತ್ತಿದ್ದಳು.
ಆ ಗಿಡಕ್ಕೆ ಆಗ ಯಾರೂ ಹೆದರುತ್ತಿರಲಿಲ್ಲ.
ಇದನ್ನೆಲ್ಲ ಎಲ್ಲಿ ಬರೆಯುವುದು?
ಮನಃಶಾಸ್ತ್ರದ ಹುಡುಗಿಯೊಬ್ಬಳು ಕೊಟ್ಟುಹೋದ ಫಾರ್ಮಿನಲ್ಲಿ
ಐದೇ ಚೌಕ:
ಗಾಂಜಾ ಕಾನೂನುಬದ್ಧವಾಗಬೇಕು, ಬಲವಾಗಿ ಒಪ್ಪುತ್ತೇನೆ,
ಅಲ್ಲಿಂದ ಶುರು, ಬಲವಾಗಿ ವಿರೋಧಿಸುವವರೆಗೆ.
ವಾರದಿಂದ ನನ್ನ ಚಹಾದ ಲೋಟ ಅದರ ಮೇಲೆಯೇ.
ಕಲೆಯ ಉಂಗುರ ಮೂರು ಚೌಕಗಳನ್ನು ನುಂಗಿದೆ.

ಇಪ್ಪತ್ತಮೂರನೆಯ ಡಬ್ಬಿ. ಮನ್ವಿತ್, ಮುಡಿಪು.
ಬೇರೆಯವರು ಬೆಂಚಿಗೆ ಹೋದರು, ಇವನು ಹೋಗಲಿಲ್ಲ.
ಪಟ್ಟಿ ನೆನೆಯಿತು, ಮೇಲಿನ ಗೆರೆ ಮೂಡಿತು,
ಕೆಳಗೆ ಬಿಳಿ.
"ಅಕ್ಕಾ, ಅಲ್ಲಿ ಇನ್ನೊಂದು ಕಾಣ್ತದಲ್ಲ?
ಸಪೂರ?"
ಮಸುಕಾದರೂ ಗೆರೆ ಗೆರೆಯೇ, ಹಾಗೆಂದು
ಕಿಟ್ಟಿನ ಜೊತೆಯ ಚೀಟಿಯಲ್ಲಿ ಅಚ್ಚಾಗಿದೆ.
ಐದು ನಿಮಿಷಕ್ಕೆ ಓದಬೇಕು, ಹತ್ತು ಕಳೆದರೆ ಓದಬಾರದು.
ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದೆ.
ಕನ್ನಡಕ ತೆಗೆದೆ, ಒರೆಸಿ ಹಾಕಿದೆ.
ಇದ್ದಂತೆ ಕಂಡಿತು.
ರೆಪ್ಪೆ ಬಡಿದರೆ ಹೋಯಿತು.
ನಾನು ಹುಡುಕುತ್ತಿದ್ದುದು ಗೆರೆಯನ್ನೋ,
ನನ್ನ ಕಣ್ಣು ಸುಳ್ಳು ಹೇಳಲು ಒಪ್ಪೀತೇ ಎಂಬುದನ್ನೋ.
ಅವನ ಉಸಿರು ನನ್ನ ಭುಜದ ಹತ್ತಿರ.
"ಮೇಡಂ, ಉಂಟಾ ಇಲ್ವಾ?" ಪೇದೆ ಪೆನ್ನಿನ ಮುಚ್ಚಳ ತೆಗೆದ.

ಮೂರು ಗಂಟೆಗೆ ಅವನ ಅಮ್ಮ ಬಂದಳು.
ಸೂಪು ಕೆಳಗಿಟ್ಟು ಎದ್ದು ಬಂದವಳ ಹಾಗೆ,
ಮಡಿಲಲ್ಲಿ ಇನ್ನೂ ಬೀಡಿ ಎಲೆಯ ಚೂರು,
ಉಗುರ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ.
ಎರಡು ಸೆಮಿಸ್ಟರಿನ ಫೀಸು ಆ ಬೆರಳಿನದ್ದಂತೆ.
ಮಗನನ್ನು ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ.
"ಎಂಥ ಎಲೆ ಅಕ್ಕಾ ಅದು?" ಕೇಳಿದಳು,
"ನಾವು ಕಟ್ಟುವುದರ ಹಾಗೆಯೇ ಇರ್ತದಾ?"

ಕುರ್ಚಿ ಎಳೆದುಕೊಟ್ಟೆ.
ಕೂರಲಿಲ್ಲ.