ಆರು ಮೂಲೆಯ ಮನೆ

ತಾರ್ತುವಿನಲ್ಲಿ, ಬೇಕರಿಯ ಮೇಲಿನ ಕೋಣೆ.
ರೈ ರೊಟ್ಟಿಯ ಹುಳಿವಾಸನೆ, ನವೆಂಬರು,
ಮೂರೂವರೆಗೇ ಕತ್ತಲು.
ಪರದೆಯ ಮೇಲೆ ನದಿಯೊಂದನ್ನು
ಎರಡು ಮನೆ ಪೂರ್ವಕ್ಕೆ ಸರಿಸುತ್ತೇನೆ.
ನದಿ ಏನೂ ಅನ್ನುವುದಿಲ್ಲ.

ಹಳೆಯ ನಕ್ಷೆಯಲ್ಲಿ ಇಲ್ಲೆಲ್ಲ ಜೌಗು.
ಆ ವರ್ಷ ಮಂಜುಗಡ್ಡೆ ಬೇಗ ಕರಗಿ
ಕುದುರೆಗಳು ಹೊಟ್ಟೆಯವರೆಗೆ ಹೂತು
ದಂಡಿಗೆ ದಂಡೇ ನಿಂತುಬಿಟ್ಟಿತು.
ಹಾಗೇ ಬಿಡಿಸಿದೆ. ಆಡಿ ನೋಡಿದವರು ಬೇಜಾರು ಅಂದರು.
ಐವತ್ತು ಆಟದಲ್ಲಿ ಉತ್ತರದವನು ನಲವತ್ತೇಳು ಗೆದ್ದ,
ದಕ್ಷಿಣದವನು ಕೈಕಟ್ಟಿ ಕಾಫಿ ಕುಡಿದ.

ಸರಿಸಮ ಮಾಡುವ ಚಟ ಇತಿಹಾಸಕ್ಕಿಲ್ಲ.
ನನಗಿದೆ; ಸಂಬಳ ಅದಕ್ಕೇ.
ಜೌಗನ್ನು ಹಿಂಡಿ ಕಿರಿದಾಗಿಸಿದೆ,
ಇರದ ಕಡೆ ಒಂದು ಮರದ ಸೇತುವೆ ಹಾಸಿದೆ,
ಗುಡ್ಡಕ್ಕೆ ಎತ್ತರ ಕೊಟ್ಟೆ — ನಮ್ಮ ಕಡೆ ಗುಡ್ಡವೆಂದರೆ
ಹಸುವೊಂದು ಏರಿ ನಿಂತು ಉಸ್ಸೆನ್ನುವಷ್ಟು.
ಈಗ ಇಪ್ಪತ್ತಾರು, ಇಪ್ಪತ್ತನಾಲ್ಕು. ಎಲ್ಲರೂ ಖುಷಿ.
ಸತ್ತವರನ್ನು ಕೇಳಲಿಲ್ಲ.

ಬುಧವಾರ ಕೆಳಗಿನ ಸಾಲ್ಮೆ ರೊಟ್ಟಿ ತಂದಳು.
ಎಪ್ಪತ್ತರ ಹತ್ತಿರ, ಆ ಕಡೆಯವಳೇ,
ಪೀಟ್ ಕಡಿಯುವವರ ಮಗಳು.
ಕನ್ನಡಕ ಏರಿಸಿ, ಹಿಟ್ಟಿನ ಬೆರಳನ್ನು ಪರದೆಗೆ ಒತ್ತಿ,
"ಇಲ್ಲಿ ಮೂರು ಊರಿತ್ತಲ್ಲ?"
ಇದು ಒಂದೇ ಮನೆ, ಅಂದೆ. ಮನೆಗೊಂದೇ ಹೆಸರು.
ಹೆಚ್ಚು ಅಕ್ಷರ ಹಿಡಿಸುವುದಿಲ್ಲ.
"ಮೂರೂರು ಒಂದು ಮನೆಗೆ," ಅಂದಳು,
ಬೈಗುಳವೋ ಲೆಕ್ಕವೋ ತಿಳಿಯಲಿಲ್ಲ.
"ಹೋಗಲಿ, ಗಾಳಿಗಿರಣಿಯಾದರೂ ಇಡು.
ಎರಡು ದಂಡಿಗೂ ಹಿಟ್ಟು ಬೀಸಿತ್ತಂತೆ ಅದು.
ಆಮೇಲೆ ಇಬ್ಬರೂ ಸುಟ್ಟರಂತೆ, ಒಬ್ಬರಾದ ಮೇಲೆ ಒಬ್ಬರು."

ಇಟ್ಟೆ. ಅಂಕವಿಲ್ಲ, ಕಾವಲಿಲ್ಲ,
ಹಿಡಿದರೆ ಏನೂ ಸಿಗುವುದಿಲ್ಲ,
ರೆಕ್ಕೆ ತಿರುಗುತ್ತದೆ, ಅಷ್ಟೆ.
ದೂರು ಬಂತು: ದಂಡದ ಮನೆ.

ಆದರೆ ರಾತ್ರಿ ಆಟದ ದಾಖಲೆ ತೆರೆದಾಗ
ಕಾಣುತ್ತದೆ: ಸೋಲು ಖಾತ್ರಿಯಾದ ಮೇಲೆ
ಕೆಲವರು ಉಳಿದ ಒಂದೇ ಒಂದು ಕಾಯಿಯನ್ನು
ಸೇತುವೆ ದಾಟಿಸಿ, ನಡೆಸಿ ತಂದು
ಆ ಮನೆಯಲ್ಲಿ ಬಿಡುತ್ತಾರೆ.
ಗಡಿಯಾರ ಓಡುತ್ತಿರುತ್ತದೆ.
ಸೋತೆ ಎಂಬ ಗುಂಡಿ ಒತ್ತುವುದಿಲ್ಲ.

ಮುಂದಿನ ವಾರ ಜೌಗನ್ನು
ಒಂದು ಮನೆಯಷ್ಟಾದರೂ ವಾಪಸು ತರಬೇಕು.
ಇಪ್ಪತ್ತೆಂಟು, ಇಪ್ಪತ್ತೆರಡು ಆದೀತು.
ಆಗಲಿ. ದಕ್ಷಿಣದವನ ಕಾಲು
ಸ್ವಲ್ಪ ಒದ್ದೆಯಾಗಲಿ.