ಬರ್ರಾದಲ್ಲಿ ಒಂದೇ ಕೀಲಿಕೈ

ವಾರವಿಡೀ ನಾನು ಎಲುಬಿನ ಪಟ ತೆಗೆಯುವವಳು.
"ಉಸಿರು ಬಿಗಿಹಿಡೀರಿ... ಹಾಂ, ಬಿಡಿ."
ಕಪ್ಪು ಬಿಳುಪಿನಲ್ಲೇ ನನ್ನ ಅನ್ನ.
ಆದರೂ ರಜೆಯ ದಿನ ಅಡಿಲೇಡಿನಿಂದ ನೂರರವತ್ತು ಕಿಲೋಮೀಟರು
ಅದನ್ನೇ ಹುಡುಕಿಕೊಂಡು ಹೊರಟಿದ್ದೇನೆ,
ಹೆಗಲಿಗೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ,
ಮೂವತ್ತಾರೇ ಚಿತ್ರದ ರೀಲು,
ಪಕ್ಕದ ಸೀಟಿನಲ್ಲಿ ರಾತ್ರಿಪಾಳಿ ಮುಗಿಸಿದ ಫಿಲೋಮಿನಾ,
ಬಾಯಿ ತೆರೆದು ನಿದ್ದೆ.

ಬರ್ರಾ. ತಾಮ್ರ ತೆಗೆದು ತೆಗೆದು ಬರಿದಾದ ಊರು.
ಕೌಂಟರಿನ ಹೆಂಗಸು ಠೇವಣಿ ಇಸಿದುಕೊಂಡು
ಒಂದು ಕೀಲಿಕೈ ಕೊಟ್ಟಳು:
ಹಳೆಯ ಜೈಲಿಗೂ ಅದೇ, ಬಿಯರಿನ ನೆಲಮಾಳಿಗೆಗೂ ಅದೇ.
"ಬರುವಾಗ ಬೀಗ ಹಾಕಿ ಬನ್ನಿ, ಅಷ್ಟೇ."
ಫಿಲೋಮಿನಾ ಅದನ್ನು ಜೀನ್ಸಿನ ಸೊಂಟಕ್ಕೆ ಸಿಕ್ಕಿಸಿಕೊಂಡು
ಅತ್ತೆಯ ಠೀವಿಯಲ್ಲಿ ಮುಂದೆ ಮುಂದೆ ನಡೆದಳು.

ಗಣಿಯಾಳುಗಳ ಸಾಲುಮನೆ. ಹನ್ನೊಂದರ ಬಿಸಿಲು, ಚಪ್ಪಟೆ.
ಕಾಯಬೇಕು. ನೆರಳು ಹುಟ್ಟುವ ತನಕ
ಗೋಡೆ ಬರೀ ಗೋಡೆ.
ಬೆಳಕು ಓರೆಯಾದಾಗಲೇ
ಕಲ್ಲಿನೊಳಗೆ ಮಲಗಿದ್ದ ಉಳಿಯೇಟು ಒಂದೊಂದೂ
ಎದ್ದು ಕೂರುತ್ತದೆ.
ಹಳದಿ ಫಿಲ್ಟರು ತಿರುಗಿಸಿದೆ. ಆಕಾಶ ಒಂದು ಹದ ಕಪ್ಪಾಯಿತು.

ಹಳ್ಳದ ದಂಡೆಗೆ ಮಣ್ಣು ಕೊರೆದೂ ಮನೆ ಮಾಡಿದ್ದರು,
ಮನೆ ಅಂದರೆ ಬಿಲ. ತಲೆ ತಗ್ಗಿಸಿ ಒಳಹೋದೆ.
ಬೆಳಕು ಸಾಲದು, ಅರ್ಧ ಸೆಕೆಂಡಾದರೂ ಬೇಕು.
ಗೋಡೆಗೆ ಬೆನ್ನು ಕೊಟ್ಟು, ಮೊಣಕೈ ಪಕ್ಕೆಗೊತ್ತಿ,
ನನಗೆ ನಾನೇ ಹೇಳಿಕೊಂಡೆ:
ಉಸಿರು ಬಿಗಿಹಿಡಿ.
ಅಷ್ಟು ಹೊತ್ತು ಅಲ್ಲಿ ಯಾರೂ ಉಸಿರಾಡಲಿಲ್ಲ.
'ಬಿಡು' ಅನ್ನುವುದನ್ನು ಮರೆತೇ ಹೊರಬಂದೆ.

ಗಣಿಯ ಹೊಂಡದ ಅಂಚಿನಲ್ಲಿ ಮಾತ್ರ ಸೋತೆ.
ಬಂಡೆಯ ಮೈತುಂಬ ಕಿಲುಬು!
ಅಜ್ಜಿ ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ
ವಾರದೊಳಗೆ ಹಂಡೆಯ ಕಂಠಕ್ಕೆ ಮರಳಿ ಬರುತ್ತಿದ್ದ
ಅದೇ ಹಸಿರು.
ಈ ಊರು ಎದ್ದದ್ದೇ ಆ ಹಸಿರಿನ ಬೆನ್ನು ಹತ್ತಿ.
ನನ್ನ ರೀಲಿಗೆ ಅದು ಬೂದಿ.
ಗೊತ್ತಿದ್ದೂ ಎರಡು ಚಿತ್ರ ದಂಡ ಮಾಡಿದೆ.

ಜೈಲಿನಲ್ಲಿ ಫಿಲೋಮಿನಾ ಖೋಲಿಯೊಂದಕ್ಕೆ ಹೊಕ್ಕು
ಬಾಗಿಲಿನಿಂದ ಮುಖವೊಂದನ್ನೇ ಹೊರಹಾಕಿ
ಗಂಟಲು ಕಾಣುವ ಹಾಗೆ ಆಕಳಿಸಿದಳು.
ಬೆರಳು ನನ್ನನ್ನು ಕೇಳಲಿಲ್ಲ. ಅದು ಮೂವತ್ತಾರನೆಯದು.

ಸಂಜೆ ಕೀಲಿ ಒಪ್ಪಿಸಿ ಠೇವಣಿ ಎಣಿಸಿಕೊಂಡೆವು.
ಕ್ಲೇರ್ ದಾಟಿ, ದ್ರಾಕ್ಷಿತೋಟಗಳ ಮೇಲೆ
ಮೊದಲು ಕೆಂಪು, ಆಮೇಲೆ ಹಸಿರು ಆರುತ್ತಿದ್ದಾಗ
ಅವಳು ತಟ್ಟನೆ ಎಚ್ಚೆತ್ತು ಕೇಳಿದಳು:
"ಏ ಕುಮುದಾ,
ಜೈಲಿನ ಬೀಗ ಹಾಕಿದ್ದು ನೀನಾ, ನಾನಾ?"