ಅಳತೆ ಪುಸ್ತಕ

ಬಳೇಪೇಟೆಯ ಅಂಗಡಿ ಖಾಲಿ ಮಾಡಿದ ದಿನ
ಅಟ್ಟದಿಂದ ಇಳಿಯಿತು ಅಜ್ಜನ ಅಳತೆ ಪುಸ್ತಕ.
ಕೆಂಪು ಬಟ್ಟೆಯ ರಟ್ಟು, ನುಸಿಗುಳಿಗೆಯ ವಾಸನೆ,
ಒಳಗೆ ಅರ್ಧ ಊರಿನ ಎದೆ, ಸೊಂಟ, ತೋಳು.

ಅಜ್ಜ, ವಿಠೋಬರಾವ್ ಮಹೇಂದ್ರಕರ್,
ಯಾರನ್ನೂ ಮುಖದಿಂದ ನೆನಪಿಟ್ಟವನಲ್ಲ.
ಬೀದಿಯಲ್ಲಿ ಬೆನ್ನು ನೋಡಿ ಹೆಸರು ಹೇಳುತ್ತಿದ್ದ.

ಪುಟ ಅರವತ್ತೊಂದು. ಸಿ. ದೊಡ್ಡವೀರಪ್ಪ, ವಕೀಲರು.
ಎದೆ ಮೂವತ್ತನಾಲ್ಕು. ಸೊಂಟ ಇಪ್ಪತ್ತೆಂಟು.
ಕರಿ ಕೋಟು ಒಂದು. ಬಾಕಿ ಮೂರು ರೂಪಾಯಿ.
ಅಂಚಿನಲ್ಲಿ ಪೆನ್ಸಿಲು, ಇರುವೆಯಂಥ ಅಕ್ಷರ:
ಎಡ ಭುಜ ಅರ್ಧ ಇಂಚು ಇಳಿದಿದೆ.
ಹತ್ತಿ ಇಡುವುದು. ಹೇಳದಿರುವುದು.

ಆಮೇಲೆ ಎರಡು ವರ್ಷ ಏನೂ ಇಲ್ಲ.
ಜೈಲಿನಲ್ಲಿ ಯಾರೂ ಅಳತೆ ತೆಗೆಯುವುದಿಲ್ಲ.

ಹೊರಬಂದಾಗ ಎದೆ ಮೂವತ್ತೆರಡು. ಖಾದಿ ಜುಬ್ಬ ಆರು.
ಜುಬ್ಬದಲ್ಲಿ ಹತ್ತಿ ನಿಲ್ಲುವುದಿಲ್ಲ,
ಊರೆಲ್ಲ ಕಂಡಿತು ಆ ಭುಜ.
ಮಿನರ್ವ ವೃತ್ತದ ಸಭೆಯಲ್ಲಿ ಯಾರೋ ಕೂಗಿದ,
‘ನೋಡಿ ಮಹಾಜನರೇ, ಲಾಠಿ ಮುರಿದ ಭುಜ!’
ದೊಡ್ಡವೀರಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ,
ಕೈ ಮುಗಿದರು.
ಅಷ್ಟಕ್ಕೇ ಒಂಬತ್ತು ಸಾವಿರ ಮತ.

ಗಾಯ ಮತ ತರುತ್ತದೆ. ಕುರ್ಚಿಗೆ ಮಾತ್ರ
ಎರಡೂ ಭುಜ ಸಮ ಬೇಕು.
ಮಂತ್ರಿಯಾದಾಗ ಮತ್ತೆ ಕೋಟು, ಮತ್ತೆ ಹತ್ತಿ,
ಸೊಂಟ ಮೂವತ್ತಮೂರು.
ಮುಖ್ಯಮಂತ್ರಿಯಾದಾಗ ಮೂವತ್ತೇಳು.

ಆ ಸಲ ಅಜ್ಜನನ್ನು ಕರೆಯಲು ಕಾರೇ ಬಂತು,
ಬೀದಿಗೆ ಬೀದಿಯೇ ಎದ್ದು ನಿಂತಿತು.
ಕುಮಾರ ಪಾರ್ಕಿನ ಹಜಾರದಲ್ಲಿ ಎರಡೂ ಕೈ ಚಾಚಿ ನಿಂತಿದ್ದರಂತೆ,
ಜವಾನ ಅವರ ಕಿವಿಗೆ ಟೆಲಿಫೋನು ಹಿಡಿದಿದ್ದನಂತೆ.
ಅಜ್ಜ ಟೇಪು ಹಿಡಿದ. ಅವರು ‘ಆಗಲಿ, ಮುಚ್ಚಿಬಿಡಿ’ ಎಂದರು.
ಊರಿನ ಒಂದು ಕೆರೆ ಹೋಯಿತು.
ಅಜ್ಜ ಬರೆದುಕೊಂಡ: ತೋಳು ಇಪ್ಪತ್ತಮೂರೂವರೆ.

‘ಸರ್ಕಾರದ ಕುತ್ತಿಗೆಗೆ ಟೇಪು ಸುತ್ತಿದವನು ನಾನೊಬ್ಬನೇ’
ಎಂದು ಸಾಯುವ ತನಕ ಹೇಳಿಕೊಂಡ.
ಬಟ್ಟೆ ಒಗೆಯುವ ಕಲ್ಲು ಕಳಕೊಂಡ ಮುನಿಯಪ್ಪ
ಮನೆ ಬಾಗಿಲಿಗೆ ಬಂದು ಕೂತ ದಿನದ ಮಾತು ಹೇಳಲಿಲ್ಲ.
ಅದನ್ನು ಹೇಳಿದ್ದು ಅಜ್ಜಿ.

ಪಡಿ ಅಕ್ಕಿ ಇಳಿದ ವಾರ ಅದೇ ಕೋಟು ವಾಪಸು ಬಂತು:
ಮೊಣಕೈ ಬಳಿ ಕಲ್ಲೇಟು. ರಫು. ಎಂಟಾಣೆ.
ಬೇಡವೆಂದೆ, ಕೊಟ್ಟರು.

ಹದಿನಾಲ್ಕು ತಿಂಗಳು.
ಒಂದು ರಾತ್ರಿ ಏಳು ಜನ ಎದ್ದು ಆಚೆ ಮನೆಗೆ ಹೋದರು,
ಬೆಳಗ್ಗೆ ಕಾರು ಬೇರೆ ಗೇಟಿನ ಮುಂದೆ ನಿಂತಿತ್ತು.

ಕೊನೆಯ ಸಲ ಸಿಟಿ ಬಸ್ಸಿನಲ್ಲಿ ಬಂದರು,
ಕಂಕುಳಲ್ಲಿ ಕೊಡೆ, ಕೋಟು ಸುತ್ತಿದ ಕಾಗದದ ಪೊಟ್ಟಣ.
ಅಪ್ಪನಿಗಾಗ ಹನ್ನೊಂದು, ಗುಂಡಿ ಹೊಲೆಯುತ್ತ ಕೂತಿದ್ದನಂತೆ.
‘ರಾಯರೇ, ಹತ್ತಿ ತೆಗೆದುಬಿಡಿ.’
‘ಸ್ವಾಮಿ, ಗೊತ್ತಿತ್ತೇ?’
‘ಮೊದಲ ಕೋಟಿನಿಂದ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ.’

ಕಾಫಿ ತಣ್ಣಗಾಗುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ:
‘ಹಾಸ್ಟೆಲ್ ಫೀಸಿಗೆಂದು ತರಗುಪೇಟೆಯಲ್ಲಿ
ಬೆಲ್ಲದ ಮೂಟೆ ಹೊತ್ತೆ, ಮೂರು ಬೇಸಿಗೆ. ಅದರಿಂದ ಇಳಿದದ್ದು.
ಲಾಠಿ ಬಿದ್ದದ್ದು ಬಲಕ್ಕೆ.
ಅದು ಹದಿನೈದು ದಿನದಲ್ಲಿ ವಾಸಿಯಾಯಿತು.’

ಸೊಂಟ ಮೂವತ್ತು, ಎಂದು ಬರೆದಿದೆ. ಕೆಳಗೆ:
ಹತ್ತಿ ತೆಗೆದೆ. ಕೋಟು ಕೂತಿತು.

ನಿನ್ನೆ ಹೋಗಿ ನೋಡಿದೆ,
ಪಾರ್ಕಿನ ಮೂಲೆ, ಜ್ಯೂಸ್ ಅಂಗಡಿಯ ಹಿಂದೆ, ಕಂಚಿನ ದೊಡ್ಡವೀರಪ್ಪ.
ಶಿಲ್ಪಿಗೆ ಯಾರೋ ಪ್ರಮಾಣವಚನದ ಫೋಟೊ ಕೊಟ್ಟಿದ್ದಾರೆ.
ಎರಡೂ ಭುಜ ತಕ್ಕಡಿಯ ಹಾಗೆ ನೆಟ್ಟಗಿವೆ.
ನಗು ಬಂತು. ಅಜ್ಜನ ಹತ್ತಿ, ಕಂಚಿನಲ್ಲಿ.

ಹೊಲಿಗೆ ಯಂತ್ರ ಗುಜರಿಗೆ ಹೋಯಿತು, ಪುಸ್ತಕ ನನ್ನ ಬಳಿ ಇದೆ.
ಮೊದಲ ಕೋಟಿನ ಬಾಕಿ, ಮೂರು ರೂಪಾಯಿ,
ಇನ್ನೂ ಹೊಡೆದುಹಾಕಿಲ್ಲ.
ಅವರು ಮರೆತರೋ,
ಅಜ್ಜನೇ ಹಾಗೆ ಉಳಿಸಿಕೊಂಡನೋ.